ಮೊದಲು ‘ಇಳಸು’ ಅಂದವಳು

ಶಹಾಬಾದಿನಲ್ಲಿ ರೈಲು ಹಳಿ ದಾಟಿ ವಾಡಿಯ ಕಡೆ ಹೊರಟರೆ ರಸ್ತೆಯ ಎರಡೂ ಬದಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲಿನ ಅಂಗಳಗಳು ಸಿಗುತ್ತವೆ. ಅವುಗಳಲ್ಲಿ ಒಂದು ತಮ್ಮಣ್ಣ ಸಾಹುಕಾರರದು. ಅಲ್ಲಿ ಕಲ್ಲು ಕೊಯ್ಯುವ ಯಂತ್ರಕ್ಕೂ ಪಾಲಿಷ್ ಯಂತ್ರಕ್ಕೂ ನಡುವೆ ಅರವತ್ತು ಹೆಜ್ಜೆಯ ದೂರ. ಆ ಅರವತ್ತು ಹೆಜ್ಜೆಯನ್ನು ಚಾಂದಬೀ ಹತ್ತೊಂಬತ್ತು ವರ್ಷಗಳಿಂದ ಹಿಂದುಹಿಂದಕ್ಕೆ ನಡೆಯುತ್ತ ಬಂದಿದ್ದಾಳೆ.

ಹಿಂದಕ್ಕೆ ಯಾಕೆಂದರೆ, ಕೊಯ್ದ ಪರಸಿಯನ್ನು ಒಬ್ಬರೇ ಹೊರಲಾಗುವುದಿಲ್ಲ. ಇಬ್ಬರು ಹೆಂಗಸರು ಎದುರುಬದುರು ನಿಂತು, ಅಂಗೈಯಲ್ಲಿ ಹಳೆಯ ರಬ್ಬರಿನ ತುಂಡು ಇಟ್ಟುಕೊಂಡು, ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿ ಎತ್ತಬೇಕು. ಒಬ್ಬಳು ಮುಂದಕ್ಕೆ ನಡೆಯುತ್ತಾಳೆ, ಇನ್ನೊಬ್ಬಳು ಹಿಂದಕ್ಕೆ. ಚಾಂದಬೀಯ ಎದುರು ಮುಂದಕ್ಕೆ ನಡೆಯುವವಳು ರತ್ನಾಬಾಯಿ. ಆಳುಗಳ ಮೇಲುಸ್ತುವಾರಿಯ ಹಳೆಯ ಮುಕಾದಮ ಕಾಶಪ್ಪ ಎತ್ತುಗಳನ್ನು ಜೋಡಿ ಹಾಕುವವರ ಹಾಗೆ ಇಬ್ಬರನ್ನೂ ಭುಜಕ್ಕೆ ಭುಜ ಹಚ್ಚಿ ನಿಲ್ಲಿಸಿ, “ಸರಿ ಆತು, ಒಂದs ಎತ್ತರ” ಅಂದಿದ್ದ. ಅಂದಿನಿಂದ ಅದೇ ಜೋಡಿ. ಅಂಗಳದಲ್ಲಿ ಕೆಲಸಕ್ಕೆ ತೆಗೆದುಕೊಳ್ಳುವುದು ಜೋಡಿಯನ್ನೇ. ಒಬ್ಬಳು ಬಾರದ ದಿನ ಇನ್ನೊಬ್ಬಳಿಗೂ ಕೆಲಸವಿಲ್ಲ.

ಇನ್ನೊಂದು ನೇಮವೂ ಉಂಟು. ಎತ್ತಿದ ಪರಸಿಯನ್ನು ನಡುವೆ ಇಳಿಸುವಂತಿಲ್ಲ. ಹಸಿ ಕಲ್ಲಿನ ಮೂಲೆ ನೆಲಕ್ಕೆ ತಾಗಿದರೆ ಚಕ್ಕೆ ಹಾರುತ್ತದೆ, ಮೂಲೆ ಹೋದರೆ ಕಲ್ಲಿಗೆ ಬೆಲೆಯಿಲ್ಲ. ಈ ಕಾರಣ ಬಹಳ ಮಂದಿಗೆ ಈಗ ನೆನಪಿಲ್ಲ. ನೆನಪಿರುವುದು ಇಷ್ಟೇ: ಜೋಡಿಯಲ್ಲಿ ಯಾರು ಮೊದಲು ‘ಇಳಸು’ ಅನ್ನುತ್ತಾಳೋ ಅವಳ ಕೈಲಿ ಇನ್ನು ಆಗುವುದಿಲ್ಲ ಎಂದೇ ಅರ್ಥ. ಹಾಗೆ ಅಂದವರನ್ನು ಸಂಜೆಯವರೆಗೆ ಕಾಡಿಸುತ್ತಾರೆ. ಹಾಗಾಗಿ ಯಾರೂ ಅನ್ನುವುದಿಲ್ಲ.

ಚಾಂದಬೀಗೆ ಈಗ ಐವತ್ಮೂರು. ಚಿಂಚೋಳಿ ತಾಲೂಕಿನ ಗಡಿಯ ಹಳ್ಳಿಯವಳು, ಸಿಟ್ಟು ಬಂದರೆ ಇವತ್ತಿಗೂ ಒಂದೆರಡು ಮಾತು ತೆಲುಗಿನಲ್ಲಿ ಬೀಳುತ್ತವೆ. ಮದುವೆಯಾಗಿ ಶಹಾಬಾದಿಗೆ ಬಂದಾಗ ಗಂಡ ಶೌಕತ ಅಲಿ ಲಾರಿಗೆ ಪರಸಿ ತುಂಬುತ್ತಿದ್ದ. ಅವನ ಸೊಂಟ ಕೆಟ್ಟ ವರ್ಷವೇ ಇವಳು ಅಂಗಳಕ್ಕೆ ಕಾಲಿಟ್ಟಳು. ಅವನು ಮನೆಯ ಮುಂದೆ ಸೈಕಲ್ಲು, ಮೋಟರ್‌ಸೈಕಲ್ಲುಗಳ ಪಂಕ್ಚರ್ ತಿದ್ದಲು ಕುಳಿತ. ಮಗಳು ಅಲ್ಮಾಸ್‌ಳನ್ನು ಸೇಡಂಗೆ ಕೊಟ್ಟಾಗಿದೆ. ಬೆಳಿಗ್ಗೆ ಎದ್ದು ರೊಟ್ಟಿ ಬಡಿಯುವುದು, ಅಂಗಳಕ್ಕೆ ಹೋಗುವುದು, ಸಂಜೆ ಬಂದು ಮತ್ತೆ ರೊಟ್ಟಿ ಬಡಿಯುವುದು. ಕೇಳಿದವರಿಗೆ ಹೇಳಲು ಅವಳ ಬದುಕಿನಲ್ಲಿ ಇದಕ್ಕಿಂತ ಹೆಚ್ಚಿನದು ಇದೆಯೆಂದು ಅವಳಿಗೇ ಅನ್ನಿಸುವುದಿಲ್ಲ.

ಹಿಂದಕ್ಕೆ ನಡೆಯುವವಳಿಗೆ ದಾರಿ ಕಾಣುವುದಿಲ್ಲ, ಎದುರಿನವಳ ಮುಖ ಕಾಣುತ್ತದೆ. ರತ್ನಾಬಾಯಿಯ ಮೊಣಕಾಲು ಕೆಟ್ಟಿದೆ ಎನ್ನುವುದು ಅವಳ ಮಗ ಸುರೇಶಕುಮಾರನಿಗಿಂತ ಮೊದಲು ಚಾಂದಬೀಗೆ ಗೊತ್ತಾಗಿತ್ತು. ನಲವತ್ತನೆಯ ಹೆಜ್ಜೆಗೆ ಅವಳು ಕೆಳತುಟಿ ಕಚ್ಚುತ್ತಿದ್ದಳು. ಆಮೇಲೆ ಮೂವತ್ತಕ್ಕೆ. ಈಚೆಗೆ ಕಲ್ಲು ಎತ್ತುವಾಗಲೇ ಕಚ್ಚತೊಡಗಿದ್ದಳು. ಚಾಂದಬೀ ಬಾಯಿಬಿಟ್ಟು ಕೇಳಲಿಲ್ಲ. ಮೈಯನ್ನು ಇನ್ನಷ್ಟು ಹಿಂದಕ್ಕೆ ವಾಲಿಸಿ, ಕಲ್ಲಿನ ಭಾರವನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

ಚಾಂದಬೀಯ ಮುಖ ಮಾತ್ರ ರತ್ನಾಬಾಯಿಗೆ ಕಾಣುತ್ತಿರಲಿಲ್ಲ. ಕಲ್ಲಿನ ಧೂಳಿಗೆಂದು ಚಾಂದಬೀ ಸೆರಗನ್ನು ಕಣ್ಣಿನ ಕೆಳಗೆ ಬಿಗಿಯಾಗಿ ಕಟ್ಟಿಕೊಳ್ಳುತ್ತಿದ್ದಳು. ಆ ಸೆರಗಿನ ಒಳಗೆ ಏನು ನಡೆಯುತ್ತಿತ್ತೆಂದು ಅವಳಿಗೂ, ಎಲೆ ಅಡಿಕೆಯ ಚೀಲದಲ್ಲಿ ಅಡಗಿಸಿಟ್ಟ ಕೆಂಪು ಗುಳಿಗೆಯ ಪಟ್ಟಿಗೂ ಗೊತ್ತಿತ್ತು.

ದೀಪಾವಳಿ ಕಳೆದ ಮೇಲೆ ಸುರೇಶಕುಮಾರ ತಾಯಿಯನ್ನು ಕಲಬುರಗಿಗೆ ಕರೆದೊಯ್ದು ಎಕ್ಸ್‌ರೇ ತೆಗೆಸಿದ. ಅಲ್ಲಿ ಎರಡೂ ಮೊಣಕಾಲು ಆಪರೇಷನ್ ಆಗಬೇಕು ಅಂದರು. ಮರುದಿನ ರತ್ನಾಬಾಯಿ ಅಂಗಳಕ್ಕೆ ಬಂದಳು. ಊಟದ ಹೊತ್ತಿಗೆ ಬುತ್ತಿ ಬಿಚ್ಚಲಿಲ್ಲ.

“ಕಾಲು ಕೊಯ್ದ ಮ್ಯಾಲ ಪರಸಿ ಹೊರೂದು ಎಲ್ಲಿದು, ಚಾಂದಾ? ಬಚ್ಚಲಕ ಹೋಗಿ ಬಂದ್ರ ಸಾಕು ಅಂದಾನಂತ ಆ ಡಾಕ್ಟರ್.”

ಈ ಮಾತು ಮುಕಾದಮ ಸರ್ದಾರನ ಕಿವಿಗೂ ಬಿತ್ತು. ಕಾಶಪ್ಪ ಬಿಟ್ಟ ಮೇಲೆ ಬಂದವನು ಅವನು, ಮೂವತ್ತರ ಒಳಗಿನವನು, ಕೆಟ್ಟವನಲ್ಲ. ಆದರೆ ಸಂಜೆಗೆ ಕಲ್ಲಿನ ಲೆಕ್ಕ ಕೊಡಬೇಕಾದವನು. “ಖಾಲಾ, ನೀ ಗಟ್ಟಿ ಅದೀ” ಅಂದ ಚಾಂದಬೀಗೆ. “ನಿನಗ ಬ್ಯಾರೆ ಜೋಡಿ ಕೊಡ್ತೀನಿ. ರತ್ನಕ್ಕ ಪಾಲಿಷಿನ ರಾಡಿ ಬಳಕೊಂಡು ಇರ್ಲಿ. ಏಳು ಪರಸಿ ಕಮ್ಮಿ ಬರ್ಲಿಕತ್ತಾವ ದಿನಾ. ಒಂದು ತಿಂಗಳು ನೋಡ್ತೀನಿ, ಆಮ್ಯಾಲ ಜೋಡಿ ಮುರೀತೀನಿ.”

‘ನೀ ಗಟ್ಟಿ ಅದೀ’ ಅನ್ನುವ ಮಾತು ಚಾಂದಬೀಗೆ ಚುಚ್ಚಿತು. ಹೊಸ ಜೋಡಿಯೆಂದರೆ ಇಪ್ಪತ್ತೈದರ ಹುಡುಗಿ, ಓಡುವ ಹೆಜ್ಜೆ. ತನ್ನ ಕಾಲಿನ ಸುದ್ದಿ ಎರಡೇ ದಿನದಲ್ಲಿ ಅಂಗಳಕ್ಕೆಲ್ಲ ಗೊತ್ತಾಗುತ್ತದೆ. ರತ್ನಾಬಾಯಿ ಇದ್ದರೆ ತಾನೂ ಉಂಟು.

ಸೇಡಂನಿಂದ ಅಲ್ಮಾಸ್ ಫೋನಿನಲ್ಲಿ ಹೇಳಿದ್ದಳು: ಶಹಾಬಾದಿನ ಸರಕಾರಿ ದವಾಖಾನೆಗೆ ವಾರಕ್ಕೆರಡು ದಿನ ವ್ಯಾಯಾಮದ ಡಾಕ್ಟರಮ್ಮ ಬರುತ್ತಾಳೆ, ಉಳಿದ ದಿನ ಚಿತ್ತಾಪುರದಲ್ಲಿರುತ್ತಾಳೆ, ತನ್ನ ಅತ್ತೆಯ ಹಿಡಿದ ಭುಜವನ್ನು ಅಲ್ಲಿ ಅವಳೇ ಬಿಡಿಸಿದ್ದು, ಚುಚ್ಚಲಿಲ್ಲ, ಕೊಯ್ಯಲಿಲ್ಲ. ಮಂಗಳವಾರ ಅರ್ಧ ದಿನ ರಜೆ ಹಾಕಿ ಚಾಂದಬೀ ರತ್ನಾಬಾಯಿಯ ಕೈ ಹಿಡಿದು ಅಲ್ಲಿಗೆ ನಡೆಸಿಕೊಂಡು ಹೋದಳು.

ಕೋಣೆ ಚಿಕ್ಕದು. ಒಂದು ಮಂಚ, ಒಂದು ಕುರ್ಚಿ, ಗೋಡೆಗೆ ಒಂದು ಕಬ್ಬಿಣದ ಪಟ್ಟಿ. ಡಾಕ್ಟರಮ್ಮನ ಹೆಸರು ಭಾಗ್ಯಜ್ಯೋತಿ. ಅವಳೂ ಚಿಂಚೋಳಿ ಕಡೆಯವಳೇ, ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು. ಬಿಳಿ ಕೋಟಿನ ತೋಳು ಮಡಚಿಕೊಂಡು, ಬೆಳಗಿನಿಂದ ಮೂವತ್ತು ಜನರ ಕೈಕಾಲು ಹಿಡಿದು ಅವಳೂ ದಣಿದಿದ್ದಳು.

“ಬರ್ರಿ, ಕುಂದ್ರಿ. ಯಾರಿಗಿ ತಕಲೀಫ್?”

“ಈಕಿಗಿ” ಅಂದಳು ಚಾಂದಬೀ.

“ಕೊಯ್ಯೂದೊಂದು ಬ್ಯಾಡ್ರಿ ಬಾಯಿ” ಅಂದಳು ರತ್ನಾಬಾಯಿ, ಕೂಡುವುದಕ್ಕೂ ಮೊದಲು.

“ನಾ ಕೊಯ್ಯಾಕಿ ಅಲ್ರಿ ಯಕ್ಕಾ. ನನ್ನ ಹತ್ರ ಚಾಕು ಇಲ್ಲ, ಈ ಕುರ್ಚಿ ಒಂದs ಅದ.”

ಭಾಗ್ಯಜ್ಯೋತಿ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮೊಣಕಾಲನ್ನು ಮಡಚಿಸಿ, ಚಾಚಿಸಿ, ಬೆರಳಿನಿಂದ ಸುತ್ತಲೂ ಒತ್ತಿ ನೋಡಿದಳು. “ಸವದಾದ, ಖರೆ. ಸುಳ್ಳು ಹೇಳಂಗಿಲ್ಲ, ಸವದಿದ್ದು ಹೊಳ್ಳಿ ಬರಂಗಿಲ್ಲ. ಮುಂದ ಎಂದರ ಆಪರೇಷನ್ ಬೇಕಾಗಬಹುದು, ಬ್ಯಾಡನೂ ಆಗಬಹುದು. ಆದ್ರ ಅದು ಇವತ್ತಿನ ಮಾತಲ್ಲ. ನಿಮ್ಮ ತೊಡಿ ನೋಡ್ರಿ, ಎಷ್ಟು ಸೊರಗ್ಯಾದ. ನೋವಾಗ್ತದಂತ ಕಾಲು ಮಡಚೂದು ಬಿಟ್ರಿ, ತೊಡಿ ಸೊರಗ್ತು. ತೊಡಿ ಸೊರಗಿದ್ದಕ್ಕ ಭಾರೆಲ್ಲ ಮೊಳಕಾಲಿಗಿ ಬಂತು. ಮೊದ್ಲ ತೊಡಿ ಗಟ್ಟಿ ಮಾಡಮು.”

ಆಮೇಲೆ ಕುರ್ಚಿಯನ್ನು ಗೋಡೆಗೆ ಹಚ್ಚಿಟ್ಟಳು. ಕೈ ಎದೆಯ ಮೇಲೆ ಕಟ್ಟಿಕೊಂಡು, ಏನೂ ಹಿಡಿಯದೆ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕುಳಿತುಕೊಳ್ಳುತ್ತಾರೆ ಎಂದು ನೋಡುವ ಪರೀಕ್ಷೆ ಅದು. ರತ್ನಾಬಾಯಿ ನಾಚಿದಳು. “ನೀ ಮೊದ್ಲ ಮಾಡಿ ತೋರ್ಸು ಚಾಂದಾ, ನಾ ನೋಡ್ಕೋತ ಮಾಡ್ತೀನಿ.”

ಚಾಂದಬೀಗೆ ತಪ್ಪಿಸಿಕೊಳ್ಳಲು ಏನೂ ಹೊಳೆಯಲಿಲ್ಲ. ಕುಳಿತಳು, ಎದ್ದಳು. ಎರಡನೆಯ ಸಲ ಎದ್ದಳು. ಮೂರನೆಯ ಸಲ ಏಳುವಾಗ ಕೈ ತಾನಾಗಿ ಎದೆಯಿಂದ ಜಾರಿ ಕುರ್ಚಿಯ ಅಂಚು ಹುಡುಕಿತು. ನಾಲ್ಕನೆಯದಕ್ಕೆ ಅರ್ಧ ಎದ್ದು ಹಾಗೆಯೇ ಕೆಳಗೆ ಬಿದ್ದಂತೆ ಕುಳಿತಳು. ಹಣೆಯ ಮೇಲೆ ಬೆವರು ಬಂದಿತ್ತು.

ರತ್ನಾಬಾಯಿ ಏಳು ಸಲ ಎದ್ದು ಕುಳಿತಳು.

ಭಾಗ್ಯಜ್ಯೋತಿ ಮೇಜಿನ ಖಾನೆಯಿಂದ ಇನ್ನೊಂದು ಚೀಟಿ ತೆಗೆದಳು.

“ಹೆಸರೇನ್ರಿ?”

“ಈಕಿದು ಬರದೀರಲ್ಲ.”

“ಅವರದು ಬರದೀನಿ. ನಿಮ್ಮದು ಹೇಳ್ರಿ.”

ಗುಳಿಗೆಯ ಪಟ್ಟಿಯೂ ಹೊರಗೆ ಬಂತು. ನಾಲ್ಕು ವರ್ಷದಿಂದ, ಬೆಳಗಿನ ಚಹಾದ ಜೊತೆ ಒಂದು, ಕೆಲಸ ಜಾಸ್ತಿ ಇದ್ದ ದಿನ ಎರಡು. ಭಾಗ್ಯಜ್ಯೋತಿ ಮೊದಲ ಸಲ ದನಿ ಏರಿಸಿದಳು. “ಡಾಕ್ಟರಿಗಿ ಕೇಳಲಾರ್ದ ನಾಕು ವರ್ಷ? ಇವು ನೋವು ಮುಚ್ಚತಾವ, ಒಳಗ ಕಿಡ್ನಿಗಿ ಪೆಟ್ಟು ಹಾಕ್ತಾವ. ಇವತ್ತs ಹೊರಗಿನ ಕೋಣ್ಯಾಗ ದೊಡ್ಡ ಡಾಕ್ಟರಿಗಿ ತೋರ್ಸಿ ರಕ್ತ ಕೊಟ್ಟು ಹೋಗ್ರಿ.”

ಇಬ್ಬರಿಗೂ ಒಂದೇ ವ್ಯಾಯಾಮ ಕಲಿಸಿದಳು. ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಕೆಳಕ್ಕೆ ಒತ್ತಿ ಐದು ಎಣಿಸುವುದು, ಹತ್ತು ಸಲ. ಮಲಗಿ, ಕಾಲು ಸೆಟೆಸಿ ಒಂದು ಗೇಣು ಎತ್ತಿ ಹಿಡಿಯುವುದು, ಹತ್ತು ಸಲ. ಎರಡು ವಾರ ಕಳೆದ ಮೇಲೆ ಪಾದಕ್ಕೆ ಅರ್ಧ ಕಿಲೋ ಭಾರ ಕಟ್ಟಿಕೊಂಡು ಎತ್ತುವುದು. ನೆಲಕ್ಕೆ ಕುಕ್ಕರಗಾಲಲ್ಲಿ ಕೂಡುವುದು ಬೇಡ, ಒಲೆ ಎತ್ತರಕ್ಕಿರಲಿ.

“ಆ ಅರವತ್ತು ಹೆಜ್ಜಿ ನಡಬರಕ ಎಲ್ಲರ ಇಳಸ್ತೀರೇನು?” ಎಂದು, ಅವರ ಕೆಲಸದ ವಿವರವೆಲ್ಲ ತಿಳಿದುಕೊಂಡ ಮೇಲೆ ಕೊನೆಗೆ ಕೇಳಿದಳು.

ಇಬ್ಬರೂ ಒಟ್ಟಿಗೇ ನಕ್ಕರು. “ಇಳಸಂಗಿಲ್ರಿ.”

“ಯಾಕ?”

“ಹಂಗs. ಇಳಸಂಗಿಲ್ಲ.”

“ಯಾರು ಹೇಳ್ಯಾರ?”

ರತ್ನಾಬಾಯಿ ಚಾಂದಬೀಯ ಕಡೆ ನೋಡಿದಳು, ಚಾಂದಬೀ ರತ್ನಾಬಾಯಿಯ ಕಡೆ. “ನೋವು ಏರೂದಕ್ಕಿಂತ ಮೊದ್ಲ ಇಳಸಬೇಕ್ರಿ” ಅಂದಳು ಭಾಗ್ಯಜ್ಯೋತಿ. “ಇದೂ ದವಾನs. ಇದನ್ನ ನಾ ಚೀಟ್ಯಾಗ ಬರದು ಕೊಡಲಿಕ್ಕ ಬರಂಗಿಲ್ಲ, ನೀವs ಮಾಡಬೇಕು.”

ವಾಪಸು ಬರುವಾಗ ರೈಲು ಗೇಟು ಹಾಕಿತ್ತು. ಗೂಡ್ಸ್ ಗಾಡಿ ಸಾಗುವವರೆಗೆ ಇಬ್ಬರೂ ಗೇಟಿನ ಹತ್ತಿರ ನಿಂತರು.

“ಮಾರಿಗಿ ಸೆರಗು ಕಟಗೊಂಡು ಇಷ್ಟು ವರ್ಷ ನನಗ ಮೋಸ ಮಾಡಿದಿ” ಅಂದಳು ರತ್ನಾಬಾಯಿ.

“ಏನ್ ಮೋಸ? ನಿಂದು ಭಾರ ನನ್ನ ಕಡಿ ಜಗ್ಗಿದ್ದು ಮೋಸೇನು?”

“ಜಗ್ಗು ಅಂತ ನಾ ಅಂದಿದ್ನಾ? ನಿನಗ ದಣಿವೇ ಇಲ್ಲಂತ ತಿಳದು ನಾ ತುಟಿ ಕಚಗೊಂಡು ನಡದೆ. ಇಕಿ ಸುಮ್ಕಿದ್ದಾಳ, ನಾ ಹ್ಯಾಂಗ ಇಳಸು ಅನ್ಲಿ ಅಂತ.”

“ನೀ ಅಂದಿದ್ರ ನಾ ಇಳಸ್ತಿದ್ದೆ.”

“ನೀ ಅಂದಿದ್ರ ನಾ ಇಳಸ್ತಿದ್ದಿಲ್ಲೇನ?”

ಗೂಡ್ಸ್ ಗಾಡಿ ಉದ್ದವಾಗಿತ್ತು. ಸಿಮೆಂಟಿನ ಡಬ್ಬಿಗಳು ಒಂದರ ಹಿಂದೆ ಒಂದು ಹೋದವು. ಗೇಟು ತೆಗೆದಾಗ ಇಬ್ಬರೂ ಬೇರೆ ಬೇರೆಯಾಗಿ ಹಳಿ ದಾಟಿದರು.

ರಕ್ತದ ಚೀಟಿಯಲ್ಲಿ ಹೆದರುವಂಥದ್ದು ಏನೂ ಬರಲಿಲ್ಲ. ಆದರೆ ಕೆಂಪು ಗುಳಿಗೆ ನಿಂತ ಮೇಲೆ ಇಷ್ಟು ವರ್ಷ ಮುಚ್ಚಿಟ್ಟ ನೋವೆಲ್ಲ ಎದ್ದು ಕೂತಿತು. ದೊಡ್ಡ ಡಾಕ್ಟರು ಕೊಟ್ಟ ಮುಲಾಮು, ಬಿಸಿನೀರಿನ ಬಟ್ಟೆ ಸ್ವಲ್ಪ ಹೊತ್ತು ಸಮಾಧಾನ ಕೊಡುತ್ತಿದ್ದವು. ಮನೆಯಲ್ಲಿ ಶೌಕತ ಅಲಿ ಒಡೆದ ಪರಸಿ ತಂದು ಒಲೆಗೆ ಎತ್ತರದ ಕಟ್ಟೆ ಮಾಡಿಕೊಟ್ಟ. ನಿಂತು ರೊಟ್ಟಿ ಬಡಿಯುವುದು ಅವಳಿಗೆ ಒಗ್ಗಲಿಲ್ಲ. ಇಷ್ಟು ವರ್ಷ ಒಂದು ಕಾಲು ಮಡಚಿ ಕುಳಿತು, ಭುಜದ ಬಲದಲ್ಲಿ ಬಡಿದವಳ ರೊಟ್ಟಿಗಳು ಒಂದು ವಾರ ಅಂಚಿನಲ್ಲಿ ಸೀಳಿದವು. ನಮಾಜನ್ನು ಸ್ಟೂಲಿನ ಮೇಲೆ ಕುಳಿತು ಮಾಡುವಾಗ ಯಾರೋ ಬೈಯುತ್ತಾರೆ ಅನ್ನಿಸಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದಳು. ಯಾರೂ ಬೈಯಲಿಲ್ಲ.

ಪಾದಕ್ಕೆ ಕಟ್ಟುವ ಭಾರಕ್ಕೆ ಅಲ್ಮಾಸ್‌ಳ ಶಾಲೆಯ ಕಾಲದ ಕಾಲುಚೀಲ ಹುಡುಕಿ, ಅದರಲ್ಲಿ ಅಂಗಳದ ಒಣ ಕಲ್ಲುಹಿಟ್ಟು ತುಂಬಿ ಹೊಲಿದಳು. ಶೌಕತ ಅಲಿ ನೋಡಿ ನಕ್ಕ. “ಹತ್ತೊಂಬತ್ತು ವರ್ಷ ಕಲ್ಲು ಹೊತ್ತಿದ್ದು ಸಾಲಿಲ್ಲಂತ ಮನ್ಯಾಗ ಕಾಲಿಗಿ ಕಲ್ಲು ಕಟಗೊಂಡಾಳ ನೋಡ್ರಿ!”

“ನೀ ಸೊಂಟಕ್ಕ ಕಟಗೊಂಡಿದ್ರ ಇವತ್ತ ಲಾರಿ ತುಂಬ್ತಿದ್ದಿ. ಸುಮ್ಕ ಕೂಡು, ಎಣಿಕಿ ತಪ್ಪಸಬ್ಯಾಡ.”

ಅಂಗಳದಲ್ಲಿ ಮಾತು ಕಡಿಮೆಯಾಗಿತ್ತು. ಎದುರುಬದುರು ನಡೆಯುವ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಮೂರನೆಯ ವಾರ ಒಂದು ಮಧ್ಯಾಹ್ನ ರತ್ನಾಬಾಯಿ ಬುತ್ತಿ ಬಿಚ್ಚಿಕೊಂಡು ತಾನೇ ಮಾತು ತೆಗೆದಳು.

“ನಮ್ಮ ತವರೂರಾಗ ಚಿತ್ತಾಪುರದ ದಾರಿಗಿ ಒಂದು ಕಲ್ಲು ಇತ್ತು, ಚಾಂದಾ. ಎರಡು ನಿಂತ ಕಲ್ಲು, ಮ್ಯಾಲ ಒಂದು ಅಡ್ಡಗಲ್ಲು. ಸಂತಿಗಿ ಹೋಗೋರು ತಲಿ ಮ್ಯಾಲಿನ ಹೊರಿ ಅದರ ಮ್ಯಾಲ ಇಳಸಿ, ಉಸಿರು ತಗೊಂಡು, ಹಂಗs ತಲಿ ಕೊಟ್ಟು ಎತಗೊಂಡು ಹೋಗ್ತಿದ್ರು. ಬಗ್ಗೂದಿಲ್ಲ, ಮತ್ತೊಬ್ಬರನ್ನ ಕರಿಯೂದಿಲ್ಲ. ಯಾರು ಇಟ್ಟಿದ್ರೋ. ಆಗಿನ ಮಂದಿಗಿ ದಣಿವು ಆಗ್ತಿತ್ತು ಅಂತ ಕಾಣಸ್ತದ.”

ಅಂದು ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ಒಡೆದ ಪರಸಿಯ ರಾಶಿಯಿಂದ ತುಂಡುಗಳನ್ನು ಒಂದೊಂದಾಗಿ ಆರಿಸಿ, ಮೂವತ್ತನೆಯ ಹೆಜ್ಜೆಯ ಪಕ್ಕದಲ್ಲಿ ಪೇರಿಸತೊಡಗಿದರು. ಎರಡು ಸಂಜೆ ಹಿಡಿಯಿತು. ಸೊಂಟದಷ್ಟು ಎತ್ತರ ಬಂದ ಮೇಲೆ ಚಾಂದಬೀ ಗಂಡನ ಅಂಗಡಿಯಿಂದ ಹಳೆಯ ಟೈರಿನ ಪಟ್ಟಿ ತಂದು ಮೇಲೆ ಹಾಸಿದಳು, ಮೂಲೆ ಒಡೆಯದಿರಲಿ ಎಂದು.

ಸರ್ದಾರ ಬಂದು ಸುತ್ತು ಹಾಕಿ ನೋಡಿದ. “ಇದೇನು ಖಾಲಾ, ಗೋರಿ ಕಟ್ಟೀರೇನು?”

“ನಿನಗs ಅಳತಿ ಹಿಡದು ಕಟ್ಟೀವಿ, ಮಲಗಿ ನೋಡು” ಅಂದಳು ರತ್ನಾಬಾಯಿ.

ಸರ್ದಾರ ನಕ್ಕ. ಆಮೇಲೆ ನಗು ನಿಲ್ಲಿಸಿದ. “ಒಂದು ಮೂಲೆ ಹೋದ್ರೂ ಕಿತ್ತು ಹಾಕ್ತೀನಿ. ಮತ್ತ ತಿಂಗಳು ಮುಗೀಲಿಕ್ಕ ಒಂದು ವಾರ ಉಳದಾದ, ನೆನಪಿರ್ಲಿ.”

ಕಟ್ಟೆ ಸಿದ್ಧವಾಯಿತು. ಆದರೆ ಮೂರು ದಿನ ಅದರ ಮೇಲೆ ಒಂದು ಕಲ್ಲೂ ಕೂರಲಿಲ್ಲ. ಪ್ರತಿ ಸಲ ಮೂವತ್ತನೆಯ ಹೆಜ್ಜೆ ಬರುತ್ತಿತ್ತು, ಕಟ್ಟೆ ಪಕ್ಕದಲ್ಲಿ ಸರಿಯುತ್ತಿತ್ತು, ಇಬ್ಬರೂ ಮುಂದೆ ಸಾಗುತ್ತಿದ್ದರು. ಕಟ್ಟುವುದು ಸುಲಭವಿತ್ತು. ಆ ಮಾತನ್ನು ಬಾಯಿಯಿಂದ ತೆಗೆಯುವುದು ಸುಲಭವಿರಲಿಲ್ಲ. ಹಿಂದೆ ಬರುತ್ತಿದ್ದ ಹರೆಯದ ಜೋಡಿ ಕಟ್ಟೆಯನ್ನು ನೋಡಿ ಕಿಸಕ್ಕೆಂದು ನಗುತ್ತಿತ್ತು.

ನಾಲ್ಕನೆಯ ದಿನ ಹೊತ್ತು ಇಳಿಮುಖವಾಗಿತ್ತು. ಎಷ್ಟನೆಯ ಕಲ್ಲೋ ಚಾಂದಬೀ ಎಣಿಸುವುದನ್ನು ಬಿಟ್ಟಿದ್ದಳು. ಇಪ್ಪತ್ತೈದನೆಯ ಹೆಜ್ಜೆಗೆ ಬಲ ಮೊಣಕಾಲಿನ ಒಳಗೆ ಯಾರೋ ಕಾದ ಸೂಜಿ ತಿರುವಿದ ಹಾಗಾಯಿತು. ಎದುರಿಗೆ ರತ್ನಾಬಾಯಿ ತುಟಿ ಕಚ್ಚಿದ್ದಳು. ಅವಳು ಅನ್ನುವುದಿಲ್ಲ. ಇಷ್ಟು ವರ್ಷ ಅಂದಿಲ್ಲ, ಇವತ್ತೂ ಅನ್ನುವುದಿಲ್ಲ. ತನ್ನ ಮುಖ ಕಾಣುವವರೆಗೆ ಅವಳಾದರೂ ಹೇಗೆ ಅಂದಾಳು?

ಎರಡೂ ಕೈ ಕಲ್ಲಿನ ಕೆಳಗಿದ್ದವು. ಚಾಂದಬೀ ತಲೆ ಬಗ್ಗಿಸಿ, ಗದ್ದವನ್ನು ಭುಜಕ್ಕೆ ತಿಕ್ಕಿ ತಿಕ್ಕಿ ಸೆರಗನ್ನು ಕೆಳಗೆ ಜಾರಿಸಿದಳು. ರತ್ನಾಬಾಯಿ ಕೆಲಸದ ಹೊತ್ತಿನಲ್ಲಿ ಆ ಮುಖವನ್ನು ನೋಡಿದ್ದು ಅದೇ ಮೊದಲು. ಬೆವರಿಗೆ ಕಲ್ಲುಹಿಟ್ಟು ಕಲಸಿ, ಬಾಯಿಯ ಎರಡೂ ಬದಿಗೆ ಗೆರೆ ಎಳೆದಿತ್ತು.

“ಇಳಸು” ಅಂದಳು ಚಾಂದಬೀ.

ಪರಸಿ ಕಟ್ಟೆಯ ಮೇಲೆ ಕುಳಿತಿತು. ಟೈರಿನ ಪಟ್ಟಿ ಒಮ್ಮೆ ಕುಗ್ಗಿ ಸದ್ದಿಲ್ಲದೆ ನಿಂತಿತು. ಇಬ್ಬರೂ ಕಲ್ಲು ಬೀಳದಂತೆ ಅಂಗೈ ಊರಿ ನಿಂತರು. ರತ್ನಾಬಾಯಿಯ ಉಸಿರು ಎಷ್ಟು ಜೋರಾಗಿತ್ತೆಂದರೆ ಯಂತ್ರದ ಸದ್ದಿನಲ್ಲೂ ಕೇಳಿಸುತ್ತಿತ್ತು.

“ಭಾಳ ಜಲ್ದಿ ಅಂದಿ” ಅಂದಳು. “ಹತ್ತೊಂಬತ್ತs ವರ್ಷ ಆತು.”

ಸರ್ದಾರ ಫೋನು ಕಿಸೆಗೆ ಹಾಕಿ ಧಾವಿಸಿ ಬಂದ. ಬಗ್ಗಿ ಒಂದು ಮೂಲೆ ನೋಡಿದ, ಸುತ್ತಿ ಹೋಗಿ ಇನ್ನೊಂದು ನೋಡಿದ. ಮೂಲೆಗಳೆಲ್ಲ ನೆಟ್ಟಗಿದ್ದವು. ಅವನು ಏನೋ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಹರೆಯದ ಜೋಡಿಯಲ್ಲಿ ಒಬ್ಬಳು ಕೂಗಿದಳು. ಅವರ ಕಲ್ಲು ಕೈಯಲ್ಲೇ ಇತ್ತು, ಮುಖ ಕೆಂಪಾಗಿತ್ತು, ನಗು ಎಲ್ಲೂ ಇರಲಿಲ್ಲ.

“ಯಕ್ಕಾ, ಜಲ್ದಿ ಎತ್ರಿ ಅತ್ಲಾಗ. ನಾವೂ ಇಳಸಬೇಕಾಗ್ಯಾದ!”

ಸರ್ದಾರ ದಾರಿ ಬಿಟ್ಟು ಪಕ್ಕಕ್ಕೆ ಸರಿದ.

ಆಮೇಲಿನ ಕಲ್ಲುಗಳನ್ನೆಲ್ಲ ಕಟ್ಟೆಯ ಮೇಲೆ ಇಳಿಸಿ ಇಳಿಸಿಯೇ ಒಯ್ದರು. ಸಂಜೆ ಲೆಕ್ಕ ಹಾಕಿದಾಗ ಎರಡು ಪರಸಿ ಕಡಿಮೆ ಬಿದ್ದಿದ್ದವು, ಏಳಲ್ಲ. ಸರ್ದಾರ ಅದನ್ನು ಬರೆದುಕೊಂಡ. ಜೋಡಿ ಮುರಿಯುವ ಮಾತು ಎತ್ತಲಿಲ್ಲ. “ನಾಳಿ ಅರ್ಧ ತಾಸು ಜಲ್ದಿ ಬರ್ರಿ” ಅಂದ. ಆಮೇಲೆ ತಲೆ ಎತ್ತದೆ, “ಇಬ್ರೂ” ಎಂದು ಸೇರಿಸಿದ.

ಚಾಂದಬೀ ಮನೆ ಮುಟ್ಟಿದಾಗ ಮೊಣಕಾಲು ಊದಿಕೊಂಡಿತ್ತು. ನೋವು ಹೋಗಿರಲಿಲ್ಲ, ಪೂರಾ ಹೋಗುವುದೂ ಇಲ್ಲ ಎಂದು ಭಾಗ್ಯಜ್ಯೋತಿ ಮೊದಲೇ ಹೇಳಿದ್ದಳು. ಕೈಕಾಲು ತೊಳೆದು, ರೊಟ್ಟಿ ಬಡಿದು, ಉಂಡು, ಮಂಚದ ಮೇಲೆ ಕಾಲು ಚಾಚಿದಳು. ಕಲ್ಲುಹಿಟ್ಟಿನ ಕಾಲುಚೀಲವನ್ನು ಪಾದಕ್ಕೆ ಸುತ್ತುವುದನ್ನು ಶೌಕತ ಅಲಿ ಬಾಗಿಲಿನಲ್ಲಿ ನಿಂತು ನೋಡಿದ.

“ಇವತ್ತೊಂದಿನ ಬಿಡ. ದಣದೀ.”

“ಹೂಂ” ಅಂದಳು ಚಾಂದಬೀ. “ದಣದೀನಿ.”

ಅವನು ಅಲ್ಲೇ ನಿಂತ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಅವಳ ಬಾಯಿಂದ ಈ ಮಾತನ್ನು ಅವನು ಕೇಳಿರಲಿಲ್ಲ. ಅವಳು ಆಗಲೇ ಕಾಲನ್ನು ಒಂದು ಗೇಣು ಮೇಲಕ್ಕೆತ್ತಿ ಹಿಡಿದಿದ್ದಳು. ಕಾಲು ನಡುಗುತ್ತಿತ್ತು. ಶೌಕತ ಅಲಿ ಒಳಗೆ ಬಂದು, ಮಂಚದ ತುದಿಗೆ ಕುಳಿತು, ಅವಳ ಪರವಾಗಿ ಎಣಿಸತೊಡಗಿದ.